ಪಂಜರಕ್ಕೆ ಎಷ್ಟು ಮೀನು? ಹಿಡಿಯುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಮೀನು ಸಾಕಲು ಕೆರೆಯ ನೀರಿಗೆ ಹೊಸದಾಗಿ ಬಲೆಯ ಪಂಜರ ಇಳಿಸುವವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಘನ ಮೀಟರಿಗೆ ಎಷ್ಟು ಮರಿ ಬಿಡೋಣ?" ನಾನು ತಿರುಗಿ ಕೇಳುವುದೂ ಒಂದೇ: "ಹಿಡಿಯುವಾಗ ಒಂದೊಂದು ಮೀನು ಎಷ್ಟು ತೂಗಬೇಕು?" ಎರಡನೆಯದಕ್ಕೆ ಉತ್ತರ ಗೊತ್ತಾಗದೆ ಮೊದಲನೆಯದಕ್ಕೆ ಉತ್ತರ ಕೊಡಲು ಬರುವುದಿಲ್ಲ.

ಯಾಕೆ ಅಂತ ನೋಡಿ. ಒಂದು ಘನ ಮೀಟರ್ ನೀರಿನಲ್ಲಿ 10 ಗ್ರಾಂನ 40 ಮರಿ ಇದ್ದರೆ ಒಟ್ಟು ತೂಕ 400 ಗ್ರಾಂ. ಎಲ್ಲಿವೆ ಅಂತ ಹುಡುಕಬೇಕು, ಅಷ್ಟು ಖಾಲಿ ಕಾಣುತ್ತದೆ. ಅದೇ 40 ಮೀನು ತಲಾ 600 ಗ್ರಾಂ ಆದಾಗ 24 ಕೆಜಿ. ಎಣಿಕೆ ಅಷ್ಟೇ ಇದೆ, ಪಂಜರವೂ ಅದೇ. ನೀರಿನ ಮೇಲಿನ ಹೊರೆ ಮಾತ್ರ 60 ಪಟ್ಟು. ಬಿತ್ತನೆ ದಿನ ಪಂಜರ ಖಾಲಿ ಕಂಡಿತು ಅಂತ ಇನ್ನೊಂದು ಸಾವಿರ ಮರಿ ಸುರಿಯುವವರು ಈ 60 ಪಟ್ಟನ್ನು ಮರೆತಿರುತ್ತಾರೆ. ಸಾಂದ್ರತೆಯನ್ನು, ಅಂದರೆ ಘನ ಮೀಟರಿಗೆ ಎಷ್ಟು ಮೀನು ಅನ್ನುವುದನ್ನು, ಎಣಿಕೆಯಲ್ಲಿ ಬರೆದಿಡಿ, ತೊಂದರೆಯಿಲ್ಲ. ಆದರೆ ನಿರ್ಧಾರ ಮಾಡುವಾಗ ಕೊನೆಯ ದಿನದ ಕೆಜಿ ಹಿಡಿದು ಮಾಡಿ.

ಮೊದಲು ನೀರು ಅಳೆಯಿರಿ

ಪಂಜರದ ಅಳತೆ ಬೇರೆ, ಮೀನಿಗೆ ಸಿಗುವ ನೀರಿನ ಅಳತೆ ಬೇರೆ. 6 ಮೀಟರ್ ಉದ್ದ, 4 ಮೀಟರ್ ಅಗಲ, 4 ಮೀಟರ್ ಆಳದ ಪಂಜರ ತೆಗೆದುಕೊಳ್ಳಿ. ಲೆಕ್ಕಕ್ಕೆ 96 ಘನ ಮೀಟರ್. ಮೀನು ಹಾರಿ ಹೋಗದಿರಲಿ ಅಂತ ಬಲೆಯ ಅರ್ಧ ಮೀಟರ್ ನೀರಿನ ಮೇಲೆ ಇರುತ್ತದೆ. ಉಳಿದದ್ದು 6 × 4 × 3.5, ಅಂದರೆ 84 ಘನ ಮೀಟರ್. ಅದೂ ಬಲೆಯ ನಾಲ್ಕು ಮೂಲೆಗೆ ಸರಿಯಾದ ಭಾರ ಕಟ್ಟಿದ್ದರೆ ಮಾತ್ರ. ಭಾರ ಸಾಲದಿದ್ದರೆ ನೀರಿನ ಎಳೆತಕ್ಕೆ ಬಲೆಯ ತಳ ಮೇಲೆ ಉಬ್ಬಿ ಬರುತ್ತದೆ, ಪಕ್ಕದ ಗೋಡೆ ಒಳಕ್ಕೆ ಒತ್ತುತ್ತದೆ. ಆಗ ಮೀನಿಗೆ ಸಿಗುವ ಜಾಗ ಇನ್ನೂ ಕಡಿಮೆ. ಗಾಳಿ ಬೀಸುವ ದಿನ ಹಗ್ಗಕ್ಕೆ ಒಂದು ಕಲ್ಲು ಕಟ್ಟಿ ಪಂಜರದ ನಡುವೆ ಇಳಿಸಿ, ತಳದ ಬಲೆ ಎಷ್ಟು ಆಳಕ್ಕೆ ತಾಗುತ್ತದೆ ನೋಡಿ. ಎರಡು ನಿಮಿಷದ ಕೆಲಸ.

ಹಿಂದಕ್ಕೆ ಲೆಕ್ಕ

ಈಗ ಕೊನೆಯ ದಿನಕ್ಕೆ ಘನ ಮೀಟರಿಗೆ ಎಷ್ಟು ಕೆಜಿ ಅಂತ ಗುರಿ ಇಟ್ಟುಕೊಳ್ಳಿ. ಇದು ಮೀನಿನ ಜಾತಿ ಮೇಲೆ ನಿಂತಿದೆ. ಈ ಅಳತೆಯ ಪಂಜರಕ್ಕೆ, ಮೊದಲ ಬೆಳೆಗೆ ನಾನು ಹೇಳುವುದು ಇಷ್ಟು: ರೋಹು, ಕಾಟ್ಲಾದಂಥ ಗೆಂಡೆಗೆ 10 ಕೆಜಿ ದಾಟಬೇಡಿ. ತಿಲಾಪಿಯಾಗೆ 20 ಕೆಜಿ. ಪಂಗಾಸಿಯಸ್‌ಗೆ 30 ಕೆಜಿ. ಇವು ಗರಿಷ್ಠ ಅಂಕಿಗಳಲ್ಲ. ಅನುಭವ ಇದ್ದವರು ಇದಕ್ಕಿಂತ ಜಾಸ್ತಿ ತೆಗೆಯುತ್ತಾರೆ. ಆದರೆ ನಿಮ್ಮ ನೀರಿನ ಗುಣ ನಿಮಗೇ ಗೊತ್ತಿಲ್ಲದಾಗ ಆರಂಭಕ್ಕೆ ಇದು ಸಾಕು.

ತಿಲಾಪಿಯಾ ಲೆಕ್ಕ ಮಾಡೋಣ. 84 ಘನ ಮೀಟರಿಗೆ 20 ಕೆಜಿಯಂತೆ 1,680 ಕೆಜಿ. ಒಂದೊಂದು ಮೀನು 600 ಗ್ರಾಂ ಬರಬೇಕು ಅಂದರೆ 1,680ನ್ನು 0.6ರಿಂದ ಭಾಗಿಸಿ, 2,800 ಮೀನು. ಬಿಟ್ಟದ್ದೆಲ್ಲ ಉಳಿಯುವುದಿಲ್ಲವಲ್ಲ. 100ಕ್ಕೆ 85 ಉಳಿಯುತ್ತವೆ ಅಂತ ಹಿಡಿದರೆ 2,800ನ್ನು 0.85ರಿಂದ ಭಾಗಿಸಿ, ಸುಮಾರು 3,300 ಮರಿ. ಘನ ಮೀಟರಿಗೆ 39 ಬಂತು. ಅದೇ ಪಂಜರದಲ್ಲಿ 300 ಗ್ರಾಂಗೇ ಹಿಡಿಯುವ ಯೋಚನೆ ಇದ್ದರೆ ಇದರ ಎರಡರಷ್ಟು ಬಿಡಬಹುದು. ಅದಕ್ಕೇ ನಾನು ತೂಕ ಮೊದಲು ಕೇಳುವುದು.

ಉಳಿಯುವ ಪ್ರಮಾಣವನ್ನು ಕಡಿಮೆ ಅಂದಾಜು ಮಾಡಿ "ಹೇಗೂ ಸಾಯುತ್ತವೆ, ಇರಲಿ" ಅಂತ ಹೆಚ್ಚು ಮರಿ ಬಿಡಬೇಡಿ. ಎಲ್ಲವೂ ಉಳಿದುಬಿಟ್ಟರೆ ಕೊನೆಯ ತಿಂಗಳು ಪಂಜರ ಬಿಗಿಯುತ್ತದೆ. ಸಾಯುವ ಮೀನಿನ ಭರವಸೆ ಮೇಲೆ ಲೆಕ್ಕ ಕಟ್ಟುವುದು ಕೆಟ್ಟ ಅಭ್ಯಾಸ.

ಎಲ್ಲ ನಿಂತಿರುವುದು ಆಮ್ಲಜನಕದ ಮೇಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸಾಂದ್ರತೆ ವಿಷಯದಲ್ಲಿ ನನಗೆ ತಿಳಿದದ್ದರ ಬಹುಪಾಲು ಈ ಭಾಗದಲ್ಲೇ ಇದೆ.

30 ಡಿಗ್ರಿ ಬಿಸಿ ಇರುವ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಮಾತ್ರ. 20 ಡಿಗ್ರಿಯಲ್ಲಾದರೆ 9ರ ಹತ್ತಿರ. ಅಂದರೆ ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ. ಮೀನಿಗೆ ಬೇಕಾಗುವುದು ಮಾತ್ರ ಆಗಲೇ ಜಾಸ್ತಿ. ಹೊಟ್ಟೆ ತುಂಬಾ ತಿಂದ ತಿಲಾಪಿಯಾ ಬೆಚ್ಚಗಿನ ನೀರಿನಲ್ಲಿ ಒಂದು ಕೆಜಿ ತೂಕಕ್ಕೆ ಗಂಟೆಗೆ 300 ಮಿಲಿಗ್ರಾಂನಷ್ಟು ಆಮ್ಲಜನಕ ಬಳಸುತ್ತದೆ ಅಂತ ಹಿಡಿಯಿರಿ. 20 ಕೆಜಿ ಮೀನಿಗೆ ಗಂಟೆಗೆ 6,000 ಮಿಲಿಗ್ರಾಂ. ಒಂದು ಘನ ಮೀಟರ್ ಅಂದರೆ 1,000 ಲೀಟರ್, ಹಾಗಾಗಿ ಲೀಟರಿಗೆ 6 ಮಿಲಿಗ್ರಾಂ. ಪಂಜರದ ನೀರು ಕದಲದೆ ನಿಂತುಬಿಟ್ಟರೆ ಒಂದೇ ಗಂಟೆಯಲ್ಲಿ ಅದರ ಉಸಿರು ಮುಗಿಯಿತು.

ಮುಗಿಯುವುದಿಲ್ಲ ಯಾಕೆ? ನೀರು ಬದಲಾಗುತ್ತಾ ಇರುತ್ತದೆ. ಸೆಕೆಂಡಿಗೆ 2 ಸೆಂಟಿಮೀಟರ್ ಹರಿವು ಇದ್ದರೆ, ಕಣ್ಣಿಗೆ ಹರಿವು ಅಂತ ಕಾಣುವುದೇ ಇಲ್ಲ, ಆದರೂ 6 ಮೀಟರ್ ಉದ್ದದ ಪಂಜರದ ನೀರು 5 ನಿಮಿಷಕ್ಕೆ ಪೂರ್ತಿ ಬದಲಾಗುತ್ತದೆ. ಆ 5 ನಿಮಿಷದಲ್ಲಿ ಮೀನು ಇಳಿಸುವುದು ಲೀಟರಿಗೆ ಅರ್ಧ ಮಿಲಿಗ್ರಾಂ. ಅದೇ ಹರಿವು ಅರ್ಧ ಸೆಂಟಿಮೀಟರಿಗೆ ಬಿದ್ದರೆ 20 ನಿಮಿಷ ಬೇಕು, ಇಳಿಕೆ 2 ಮಿಲಿಗ್ರಾಂ. ಬಲೆಗೆ ಪಾಚಿ ಕಟ್ಟಿ ಅದೂ ಅರ್ಧವಾದರೆ ಇಳಿಕೆ 4 ಮಿಲಿಗ್ರಾಂ. ಹೊರಗಿನ ನೀರಿನಲ್ಲಿ 6 ಇದ್ದರೂ ಒಳಗೆ ಉಳಿದದ್ದು 2. ಮೀನು ಒಂದೂ ಹೆಚ್ಚಾಗಿಲ್ಲ, ಸಾಂದ್ರತೆ ಅದೇ 20 ಕೆಜಿ. ಹರಿವು ಇಳಿದದ್ದಕ್ಕೇ ಅದು ಅತಿಯಾಯಿತು.

ಒಂದೇ ಸಾಂದ್ರತೆ ಒಬ್ಬರಿಗೆ ಸರಿಹೋಗಿ ಇನ್ನೊಬ್ಬರಿಗೆ ಕೈಕೊಡುವುದು ಇದರಿಂದಲೇ. ಪಕ್ಕದವರ ಅಂಕಿ ಕೇಳಿಕೊಂಡು ಬಂದು ನಿಮ್ಮ ಪಂಜರಕ್ಕೆ ಹಾಕಬೇಡಿ. ಅವರ ಹರಿವು, ಅವರ ಬಲೆ ನಿಮ್ಮ ಹತ್ತಿರ ಇಲ್ಲ ಅಲ್ವಾ?

ಸಣ್ಣ ಪಂಜರಕ್ಕೆ ಇಲ್ಲೊಂದು ಅನುಕೂಲ ಇದೆ. 1 ಮೀಟರ್ ಉದ್ದ, ಅಗಲ, ಆಳದ ಪಂಜರದಲ್ಲಿ 1 ಘನ ಮೀಟರ್ ನೀರಿಗೆ 4 ಚದರ ಮೀಟರ್ ಪಕ್ಕದ ಬಲೆ ಸಿಗುತ್ತದೆ. ನಮ್ಮ 84 ಘನ ಮೀಟರಿನ ಪಂಜರದಲ್ಲಿ ಪಕ್ಕದ ಬಲೆ 70 ಚದರ ಮೀಟರ್, ಅಂದರೆ ಘನ ಮೀಟರಿಗೆ ಒಂದೂ ಪೂರ್ತಿ ಇಲ್ಲ. ನೀರು ಒಳಗೆ ಬರಲು ಸಣ್ಣ ಪಂಜರಕ್ಕೆ ಬಾಗಿಲು ಜಾಸ್ತಿ. 1ರಿಂದ 4 ಘನ ಮೀಟರಿನ ಪಂಜರಗಳಲ್ಲಿ ಘನ ಮೀಟರಿಗೆ 100 ಕೆಜಿಗೂ ಮೀರಿ ತಿಲಾಪಿಯಾ ತೆಗೆಯುವುದು ಸಾಧ್ಯವಾಗುವುದು ಹೀಗೆ. ಆ ಅಂಕಿಯನ್ನು ಓದಿ ದೊಡ್ಡ ಪಂಜರಕ್ಕೆ ಅನ್ವಯಿಸಿದರೆ ಮೀನು ಉಳಿಯುವುದಿಲ್ಲ.

ಬೆಳಗಿನ ಜಾವದ ಅಳತೆ

ಆಮ್ಲಜನಕದ ಮೀಟರ್ ಒಂದು ಇರಲೇಬೇಕು. ಬೇರೆ ಯಾವ ಉಪಕರಣ ಇಲ್ಲದಿದ್ದರೂ ನಡೆಯುತ್ತದೆ, ಇದು ಇಲ್ಲದೆ ನಡೆಯುವುದಿಲ್ಲ. ಅಳೆಯುವ ಹೊತ್ತು ಸೂರ್ಯ ಹುಟ್ಟುವ ಮುಂಚೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ಆಮ್ಲಜನಕ ತಿಂದಿರುತ್ತದೆ, ದಿನದ ಅತಿ ಕಡಿಮೆ ಅಂಕಿ ಆಗಲೇ ಸಿಗುವುದು. ಮಧ್ಯಾಹ್ನ ಅಳೆದು 7 ಇದೆ ಅಂತ ಸಮಾಧಾನ ಪಟ್ಟುಕೊಂಡರೆ ಏನೂ ಪ್ರಯೋಜನ ಇಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ. ದೋಣಿಯನ್ನು ಪಂಜರಕ್ಕೆ ಗುದ್ದದಂತೆ ಮೆಲ್ಲಗೆ ತರುತ್ತೇನೆ. ಗುದ್ದಿದರೆ ಮೀನು ಬೆದರಿ ಓಡಾಡಿ ನೀರು ಕಲಕುತ್ತದೆ, ಅಂಕಿ ಸುಳ್ಳಾಗುತ್ತದೆ. ಮೊದಲು ಪಂಜರದಿಂದ ಹತ್ತಾರು ಮೀಟರ್ ಹೊರಗೆ, ನೀರು ಬರುವ ಕಡೆಯಲ್ಲಿ, ಒಂದೂವರೆ ಮೀಟರ್ ಆಳಕ್ಕೆ ಮೀಟರಿನ ತುದಿ ಇಳಿಸಿ ನೋಡುತ್ತೇನೆ. ಆಮೇಲೆ ಓಡಾಡುವ ಹಲಗೆ ಮೇಲೆ ಕೂತು, ಉದ್ದ ಕೋಲಿಗೆ ವೈರ್ ಕಟ್ಟಿ, ಪಂಜರದ ನಟ್ಟನಡುವೆ ಅದೇ ಆಳಕ್ಕೆ ಇಳಿಸುತ್ತೇನೆ. ಅಂಚಿನಲ್ಲಿ ಅಳೆದರೆ ಹೊರಗಿನ ನೀರೇ ಅಳೆದ ಹಾಗೆ. ಅಂಕಿ ಮೊದಲು ಕುಣಿಯುತ್ತದೆ, ನಿಲ್ಲುವ ತನಕ ಕಾಯಬೇಕು. 5.4, 4.9, 4.3, 4.1 ಅಂತ ಇಳಿದು ಒಂದು ಕಡೆ ನಿಂತಾಗ ಬರೆದುಕೊಳ್ಳುವುದು. ಹೊರಗಿನದರಿಂದ ಒಳಗಿನದನ್ನು ಕಳೆದರೆ ಸಿಗುವ ವ್ಯತ್ಯಾಸವೇ ನಿಮ್ಮ ಸಾಂದ್ರತೆಯ ನಿಜವಾದ ಅಳತೆ.

ವ್ಯತ್ಯಾಸ 1ರ ಒಳಗಿದ್ದರೆ ಪಂಜರ ಸಲೀಸಾಗಿದೆ. 2ರ ಹತ್ತಿರ ಬಂದರೆ ಬಲೆ ನೋಡಿ, ಮೀನು ತೂಗಿ. ಅದಕ್ಕಿಂತ ಜಾಸ್ತಿಯಾದರೆ ಆ ವಾರವೇ ಏನಾದರೂ ಮಾಡಬೇಕು. ಜೊತೆಗೆ ಒಳಗಿನ ಅಂಕಿಗೂ ಒಂದು ಗೆರೆ ಬೇಕು. ತಿಲಾಪಿಯಾಗೆ ನಡುಪಂಜರದಲ್ಲಿ 4ರ ಕೆಳಗೆ ಹೋಗಲು ನಾನು ಬಿಡುವುದಿಲ್ಲ. 3ಕ್ಕೆ ಬಿದ್ದರೆ ಅದು ಸಾಯದಿರಬಹುದು, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಗೆಂಡೆಗೆ 5 ಇಟ್ಟುಕೊಳ್ಳಿ. ಪಂಗಾಸಿಯಸ್ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ಅದನ್ನು ಅಷ್ಟು ಒತ್ತಾಗಿ ಸಾಕಲು ಆಗುವುದು ಆ ಕಾರಣಕ್ಕೆ. ಅದಕ್ಕೆ ನೀರಿನ ಮೇಲ್ಮೈ ತೆರೆದಿರಬೇಕು, ಕಸ, ಕಳೆ ಮುಚ್ಚಿರಬಾರದು.

ಮೀಟರ್ ಕೆಟ್ಟಿದ್ದ ದಿನ ಮೀನನ್ನೇ ನೋಡಿ. ನಸುಕಿನಲ್ಲಿ ಬಾಯಿ ನೀರಿನ ಮೇಲೆ ಮಾಡಿಕೊಂಡು, ನೀರು ಒಳಬರುವ ಕಡೆಯ ಬಲೆಗೆ ಗುಂಪಾಗಿ ಒತ್ತಿಕೊಂಡಿದ್ದರೆ ಉಸಿರು ಸಾಲುತ್ತಿಲ್ಲ. ಆ ಬೆಳಿಗ್ಗೆ ಆಹಾರ ಹಾಕಲೇಬೇಡಿ. ಜೀರ್ಣಕ್ಕೆ ಇನ್ನಷ್ಟು ಆಮ್ಲಜನಕ ಬೇಕು. ಹಸಿವಿಗೆ ಒಂದು ದಿನದಲ್ಲಿ ಮೀನು ಸಾಯುವುದಿಲ್ಲ.

ಒತ್ತು ಜಾಸ್ತಿಯಾದರೆ ಮೀನಿಗೆ ಏನಾಗುತ್ತದೆ

ಮೊದಲು ಕಾಣುವುದು ಸಾವಲ್ಲ. ಮೊದಲು ಬೆಳವಣಿಗೆ ನಿಧಾನವಾಗುತ್ತದೆ, ಅದು ಕಣ್ಣಿಗೆ ಕಾಣದು. ಸಾಂದ್ರತೆ ಏರಿಸುತ್ತಾ ಹೋದರೆ ಒಂದೊಂದು ಮೀನಿನ ತೂಕ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಆದರೂ ಎಣಿಕೆ ಜಾಸ್ತಿ ಇರುವುದರಿಂದ ಒಟ್ಟು ಇಳುವರಿ ಏರುತ್ತಲೇ ಇರುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಒಂದು ಹಂತ ದಾಟಿದ ಮೇಲೆ ಇಳುವರಿ ಏರುವುದು ನಿಲ್ಲುತ್ತದೆ, ಆಹಾರದ ಖರ್ಚು ಮಾತ್ರ ಏರುತ್ತದೆ. 1.5 ಕೆಜಿ ಆಹಾರಕ್ಕೆ 1 ಕೆಜಿ ಬೆಳೆಯುತ್ತಿದ್ದ ಮೀನು 1.9 ಕೆಜಿ ಕೇಳಿತು ಅಂದುಕೊಳ್ಳಿ. 1,680 ಕೆಜಿ ಮೀನಿಗೆ 670 ಕೆಜಿಗೂ ಹೆಚ್ಚು ಆಹಾರ ಸುಮ್ನೆ ನೀರುಪಾಲು. ಲಾಭದ ಸಾಂದ್ರತೆ ಯಾವಾಗಲೂ ಗರಿಷ್ಠ ಇಳುವರಿಯ ಸಾಂದ್ರತೆಗಿಂತ ಕೆಳಗೇ ಇರುತ್ತದೆ.

ಎರಡನೆಯದು ಗಾತ್ರದ ಏರುಪೇರು. ಒತ್ತು ಜಾಸ್ತಿಯಾದ ಕಡೆ ಬಲವಾದ ಮೀನು ಆಹಾರ ಬೀಳುವ ಜಾಗ ಹಿಡಿದು ನಿಲ್ಲುತ್ತವೆ, ಬಡವು ಅಂಚಿಗೆ ಸರಿಯುತ್ತವೆ. ಎರಡು ಪಂಜರದ ಸರಾಸರಿಯೂ 500 ಗ್ರಾಂ ಇರಬಹುದು. ಒಂದರಲ್ಲಿ ಎಲ್ಲವೂ 420ರಿಂದ 580ರ ನಡುವೆ, ಇನ್ನೊಂದರಲ್ಲಿ 200ರಿಂದ 800. ಎರಡನೆಯದನ್ನು ಮಾರುವುದು ಎಷ್ಟು ಕಷ್ಟ ಅಂತ ಕೊಳ್ಳುವವರ ಎದುರು ನಿಂತವರಿಗೆ ಗೊತ್ತು. ಹಾಗಾಗಿ 15 ದಿನಕ್ಕೊಮ್ಮೆ ತೂಗುವಾಗ ಬಕೆಟ್ಟಿಗೆ ತುಂಬಿ ಒಟ್ಟಿಗೆ ತೂಗಿ ಭಾಗಿಸಬೇಡಿ. 40-50 ಮೀನನ್ನು ಒಂದೊಂದಾಗಿ ತೂಗಿ ಬರೆಯಿರಿ. ಆಹಾರ ಹಾಕಿ ಮೇಲೆ ಬಂದವನ್ನು ಕೈಬಲೆಯಲ್ಲಿ ಹಿಡಿಯಬೇಡಿ, ಅವು ದೊಡ್ಡವೇ ಆಗಿರುತ್ತವೆ. ಒಂದು ಬದಿಯಿಂದ ಬಲೆ ಎತ್ತುತ್ತಾ ಬಂದು ಎಲ್ಲವನ್ನೂ ಒಂದು ಮೂಲೆಗೆ ಸೇರಿಸಿ, ಗುಂಪಿನ ನಡುವಿನಿಂದ ಹಿಡಿಯಿರಿ.

ಹಿಡಿದಾಗ ಮೈ ನೋಡುವುದನ್ನು ಮರೆಯಬೇಡಿ. ಬಾಲದ ರೆಕ್ಕೆ ಅಂಚು ಸವೆದು ಗರಗಸದಂತಾಗಿದ್ದರೆ, ಮೂತಿ ಕೆಂಪಗೆ ತರಚಿದ್ದರೆ, ಪಕ್ಕೆಯಲ್ಲಿ ಹುರುಪೆ ಉದುರಿದ್ದರೆ ಅವು ಒಂದಕ್ಕೊಂದು ಮತ್ತು ಬಲೆಗೆ ಉಜ್ಜುತ್ತಿವೆ ಅಂತ ಅರ್ಥ. ಆ ತರಚು ಗಾಯದಿಂದಲೇ ಬ್ಯಾಕ್ಟೀರಿಯಾ ಒಳಗೆ ಹೋಗುವುದು. ಕಿವಿರಿನ ಮುಚ್ಚಳ ಎತ್ತಿ ನೋಡಿ: ಗಾಢ ಕೆಂಪಿದ್ದರೆ ಸರಿ, ಮಾಸಲು ಬಣ್ಣ ಮತ್ತು ಲೋಳೆ ಜಾಸ್ತಿ ಇದ್ದರೆ ಪರಾವಲಂಬಿ ಹುಳು ಸೇರಿರಬಹುದು. ಮೈಗೆ ಮೈ ತಾಗುವಷ್ಟು ಹತ್ತಿರ ಇದ್ದಾಗ ಇವೆಲ್ಲ ಬೇಗ ಹರಡುತ್ತವೆ. ನೀರು ಬಿಸಿಯೇರಿದಾಗ ತಿಲಾಪಿಯಾಗೆ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ರೋಗ ಬರುವುದುಂಟು, ಸತ್ತ ಮೀನನ್ನು ಉಳಿದವು ತಿಂದರೆ ಅದು ಇನ್ನೂ ಹಬ್ಬುತ್ತದೆ. ಸತ್ತದ್ದನ್ನು ದಿನಾ ತೆಗೆಯಿರಿ, ಎಣಿಸಿ ಬರೆಯಿರಿ. ನೀರಿಗೇ ಬಿಸಾಡಬೇಡಿ.

ತೀರಾ ಕಡಿಮೆಯೂ ಒಳ್ಳೆಯದಲ್ಲ

ಕಡಿಮೆ ಹಾಕಿದಷ್ಟೂ ಮೀನು ಸುಖವಾಗಿರುತ್ತದೆ ಅನ್ನುವವರಿದ್ದಾರೆ. ತಿಲಾಪಿಯಾ ವಿಷಯದಲ್ಲಿ ಇದು ನಿಜವಲ್ಲ. ವಿರಳವಾಗಿದ್ದಾಗ ಗಂಡುಗಳು ತಮ್ಮ ತಮ್ಮ ಜಾಗ ಗುರುತು ಮಾಡಿಕೊಂಡು ಉಳಿದವನ್ನು ಅಟ್ಟಾಡಿಸುತ್ತವೆ. ಗುಂಪು ದಟ್ಟವಾದರೆ ಯಾವ ಜಾಗವನ್ನೂ ಕಾಯಲು ಆಗುವುದಿಲ್ಲ, ಜಗಳ ತಣ್ಣಗಾಗುತ್ತದೆ. ಕೆಲವೇ ಮೀನಿರುವ ಪಂಜರದಲ್ಲಿ ಅವು ಆಹಾರಕ್ಕೆ ಮೇಲೆ ಬರಲೂ ಹೆದರುತ್ತವೆ, ತೇಲುವ ಆಹಾರ ಬಲೆಯಿಂದ ಆಚೆ ಕೊಚ್ಚಿ ಹೋಗುತ್ತದೆ.

ಎರಡು ಹಂತದಲ್ಲಿ ಸಾಕಿ

3,300 ಸಣ್ಣ ಮರಿಗೆ 84 ಘನ ಮೀಟರ್ ಯಾಕೆ? ಸಣ್ಣ ಕಣ್ಣಿನ ಬಲೆಯ ಪುಟ್ಟ ಪಂಜರದಲ್ಲಿ ಘನ ಮೀಟರಿಗೆ 200ರಂತೆ ಬಿಡಿ. 50 ಗ್ರಾಂ ಆಗುವ ಹೊತ್ತಿಗೆ ಅಲ್ಲಿ 10 ಕೆಜಿ ಆಗಿರುತ್ತದೆ. ಅಷ್ಟಕ್ಕೇ ಸಾಕು ಮಾಡಿ, ಯಾಕೆಂದರೆ ಸಣ್ಣ ಮೀನು ಅದೇ ತೂಕದ ದೊಡ್ಡ ಮೀನಿಗಿಂತ ಹೆಚ್ಚು ಆಮ್ಲಜನಕ ಕೇಳುತ್ತದೆ, ಸಣ್ಣ ಕಣ್ಣಿನ ಬಲೆಯಲ್ಲಿ ನೀರೂ ಕಡಿಮೆ ಬರುತ್ತದೆ. ದೊಡ್ಡ ಪಂಜರಕ್ಕೆ ದಾಟಿಸುವಾಗ ಗಾತ್ರ ನೋಡಿ ಬೇರ್ಪಡಿಸಿ. ಹಿಂದಿನ ದಿನದಿಂದ ಆಹಾರ ನಿಲ್ಲಿಸಿ, ನಸುಕು ಕಳೆದು ಆಮ್ಲಜನಕ ಸ್ವಲ್ಪ ಏರಿದ ಮೇಲೆ, ಬಿಸಿಲು ಚುರುಕಾಗುವ ಮುಂಚೆ ಕೆಲಸ ಮುಗಿಸಿ.

ಸಣ್ಣ ಮೀನಿಗೂ ಕೊಳ್ಳುವವರು ಇದ್ದರೆ ನನಗೆ ಇನ್ನೊಂದು ದಾರಿ ಹೆಚ್ಚು ಇಷ್ಟ. ಘನ ಮೀಟರಿಗೆ 60 ಉಳಿಯುವಂತೆ ಸಾಕಿ, 250 ಗ್ರಾಂ ಆದಾಗ (ಆಗ 15 ಕೆಜಿ) ಅರ್ಧ ಹಿಡಿದುಬಿಡಿ. ಉಳಿದ 30 ಮೀನು 600 ಗ್ರಾಂಗೆ ಬಂದಾಗ 18 ಕೆಜಿ. ಯಾವ ದಿನವೂ 20 ದಾಟಲಿಲ್ಲ, ಪಂಜರದಿಂದ ಬಂದದ್ದು ಘನ ಮೀಟರಿಗೆ 25.5 ಕೆಜಿ.

ಬಲೆ ಮತ್ತು ಜಾಗ

ಬಲೆ ತಿಕ್ಕಿ ಪಾಚಿ ತೆಗೆಯುವುದು ಸಾಂದ್ರತೆ ಕಡಿಮೆ ಮಾಡಿದಷ್ಟೇ ಕೆಲಸ ಮಾಡುತ್ತದೆ. ಮೀನು ತಪ್ಪಿಸಿಕೊಳ್ಳದಷ್ಟು ಬೆಳೆದ ಕೂಡಲೇ ದೊಡ್ಡ ಕಣ್ಣಿನ ಬಲೆಗೆ ಬದಲಿಸಿ. ಪಂಜರಗಳನ್ನು ಹರಿವಿಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ಕಟ್ಟಿ. ಒಂದರ ಹಿಂದೆ ಒಂದು ಕಟ್ಟಿದರೆ ಹಿಂದಿನ ಪಂಜರಕ್ಕೆ ಸಿಗುವುದು ಮುಂದಿನದು ಉಸಿರಾಡಿ ಬಿಟ್ಟ ನೀರು. ಹಾಗೇ ಕಟ್ಟಲೇಬೇಕಾದರೆ ಹಿಂದಿನ ಸಾಲಿಗೆ ಮೀನು ಕಡಿಮೆ ಬಿಡಿ.

ಪಂಜರದ ತಳಕ್ಕೂ ಕೆರೆಯ ತಳಕ್ಕೂ ನಡುವೆ ಕನಿಷ್ಠ 2-3 ಮೀಟರ್ ನೀರು ಇರಬೇಕು, ಅದೂ ನೀರು ಅತಿ ಕಡಿಮೆ ಇರುವ ತಿಂಗಳಲ್ಲಿ. ಹಾಕಿದ ಆಹಾರದಲ್ಲಿರುವ ರಂಜಕ ಮತ್ತು ಸಾರಜನಕದ ಅರ್ಧಕ್ಕಿಂತ ಜಾಸ್ತಿ ನೀರಿಗೇ ಸೇರುತ್ತದೆ. ತಳದಲ್ಲಿ ಕೂತ ಕೆಸರು ಕೊಳೆಯುತ್ತಾ ಅಲ್ಲಿನ ಆಮ್ಲಜನಕ ಮುಗಿಸುತ್ತದೆ. ಜೋರು ಗಾಳಿ ಮಳೆಗೆ ಮೇಲಿನ ನೀರು ತಣ್ಣಗಾಗಿ ಕೆಳಗಿನದರೊಡನೆ ಬೆರೆತರೆ ಆ ಕೆಟ್ಟ ನೀರು ಪಂಜರಕ್ಕೇ ಬರುತ್ತದೆ. ಮೋಡ ಮುಸುಕಿದ ದಿನಗಳ ಬೆನ್ನಲ್ಲೇ ಇಂಥ ಮಳೆ ಬಂದರೆ ಅತಿ ಒತ್ತಾದ ಪಂಜರ ಮೊದಲು ಬೀಳುತ್ತದೆ.

ಹಾಗಾಗಿ ಮರಿ ಬಿಡುವ ತಿಂಗಳನ್ನೂ ಹಿಂದಕ್ಕೇ ಲೆಕ್ಕ ಹಾಕಿ. ನಿಮ್ಮ ನೀರು ಅತಿ ಬಿಸಿ, ಅತಿ ಕಡಿಮೆ, ಅತಿ ನಿಶ್ಚಲ ಇರುವ ತಿಂಗಳು ಯಾವುದು ಅಂತ ಗುರುತು ಮಾಡಿ. ಪಂಜರದಲ್ಲಿ ಅತಿ ಹೆಚ್ಚು ಕೆಜಿ ಇರುವ ತಿಂಗಳು ಅದೇ ಆಗದಂತೆ ಬಿತ್ತನೆಯ ದಿನ ಹಿಂದೆ ಮುಂದೆ ಮಾಡಿ. ಮಾಡಲು ಆಗದಿದ್ದರೆ ಗುರಿಯ ಕೆಜಿಯನ್ನು ಆ ತಿಂಗಳ ನಸುಕಿನ ಅಂಕಿಗೆ ತಕ್ಕಂತೆ ಇಳಿಸಿ.

ಎರಡು ಪಂಜರ ಇದ್ದರೆ ಎರಡಕ್ಕೂ ಒಂದೇ ಸಾಂದ್ರತೆ ಹಾಕಬೇಡಿ. ಒಂದಕ್ಕೆ ಲೆಕ್ಕದಷ್ಟು, ಇನ್ನೊಂದಕ್ಕೆ ಐದನೇ ಒಂದು ಪಾಲು ಜಾಸ್ತಿ. ಮರಿ, ಬಲೆ, ಆಹಾರ, ಹಾಕುವ ಹೊತ್ತು ಎಲ್ಲವೂ ಒಂದೇ ಇರಲಿ. ಹಿಡಿದ ಮೇಲೆ ಒಟ್ಟು ತೂಕ, ಬಳಸಿದ ಆಹಾರ, ಉಳಿದ ಮೀನು, ಅತಿ ಸಣ್ಣದು ಮತ್ತು ಅತಿ ದೊಡ್ಡದರ ತೂಕ, ನಸುಕಿನ ಅತಿ ಕಡಿಮೆ ಅಂಕಿ, ಇವನ್ನು ಪಕ್ಕಪಕ್ಕದಲ್ಲಿ ಬರೆಯಿರಿ. ಜಾಸ್ತಿ ಹಾಕಿದ ಪಂಜರ 1 ಕೆಜಿ ಮೀನಿಗೆ ತಿಂದ ಆಹಾರ ಇನ್ನೊಂದರಷ್ಟೇ ಇದ್ದರೆ ಮುಂದಿನ ಬೆಳೆಗೆ ಎರಡನ್ನೂ ಆ ಮಟ್ಟಕ್ಕೆ ಏರಿಸಿ, ಒಂದನ್ನು ಮತ್ತೆ ಸ್ವಲ್ಪ ಮುಂದಿಡಿ. ಆಹಾರ ಜಾಸ್ತಿ ತಿಂದಿದ್ದರೆ ನಿಮ್ಮ ನೀರಿನ ಮಿತಿ ಆ ಎರಡರ ನಡುವೆ ಎಲ್ಲೋ ಇದೆ, ಅಲ್ಲೇ ನಿಲ್ಲಿಸಿ.